ತಾತ್ಸಾರ ಮಾಡಬ್ಯಾಡ್ರಿ

ಮೃಗಶಿರಾ ಮಳೆ ಹಿಡಿದ ಎರಡನೆಯ ದಿನ ನಮ್ಮ ಪಡಸಾಲೆಯಲ್ಲಿ ಒಂದು ಹನಿ ಬಿತ್ತು. ಒಂದೇ ಹನಿ. ಬಿದ್ದದ್ದು ನಾನು ಓದುತ್ತಿದ್ದ ಪೇಪರಿನ ಮೇಲೆ, ಅದೂ ರಾಶಿಭವಿಷ್ಯದಲ್ಲಿ ನನ್ನದೇ ರಾಶಿಯ ಮೇಲೆ. ತಲೆ ಎತ್ತಿದೆ. ಜಂತಿಗಳ ನಡುವೆ ಕಡಲೆಕಾಳಿನಷ್ಟು ಜಾಗ ಕಪ್ಪಗೆ ಒದ್ದೆಯಾಗಿತ್ತು. ಅಡುಗೆಮನೆಯಿಂದ ನಮ್ಮ ಮನೆಯಾಕೆಯ ದನಿ ಬಂತು.

“ಮಾಳಗಿ ತಾತ್ಸಾರ ಮಾಡಬ್ಯಾಡ್ರಿ ಅಂತ ಹೋಳಿ ಹುಣ್ಣಿಮಿಯಿಂದ ಹೇಳಾಕ್ಹತ್ತೀನಿ.”

“ನಾ ಎಲ್ಲಿ ಮಾಡೀನಿ?” ಅಂದೆ.

ಸುಳ್ಳು ಹೇಳಲಿಲ್ಲ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವನು ನಾನು. ತಾತ್ಸಾರ ಎಂದರೆ ತಿರಸ್ಕಾರ, ಕೀಳಾಗಿ ಕಾಣುವುದು ಎಂದು ಬೋರ್ಡಿನ ಮೇಲೆ ಬರೆದು, ಮಕ್ಕಳಿಂದ ಎರಡೆರಡು ಸಲ ಬರೆಸಿದವನು. ಮಾಳಗಿಯನ್ನು ನಾನು ಕೀಳಾಗಿ ಕಂಡಿಲ್ಲ. ಕಾಣುವುದಾದರೂ ಹೇಗೆ? ಅದಿರುವುದೇ ನನ್ನ ತಲೆಯ ಮೇಲೆ.

ಆದರೆ ಆ ಹನಿ ನನ್ನ ತಲೆಯೊಳಗೂ ಇಳಿಯಿತು. ಒಂದು ವಾರ ಕಿವಿಗೊಟ್ಟು ಕೇಳಿದೆ. ಸೋಮವಾರ: “ಕೆಮ್ಮು ತಾತ್ಸಾರ ಮಾಡಬ್ಯಾಡ್ರಿ.” ಮಂಗಳವಾರ: “ವಿಮಾ ಕಂತು ತಾತ್ಸಾರ ಮಾಡಬ್ಯಾಡ್ರಿ.” ಬುಧವಾರ, ಫೋನಿನಲ್ಲಿ ಮಗಳಿಗೆ: “ಕೂಸಿನ ಮೈ ಬೆಚ್ಚಗ ಐತಿ ಅಂತೀದಿ, ತಾತ್ಸಾರ ಮಾಡಬ್ಯಾಡವಾ.” ಗುರುವಾರ ಒಲೆಯ ಮೇಲಿನ ಹಾಲಿನ ಬಗ್ಗೆ. ಶುಕ್ರವಾರ ಬಚ್ಚಲ ಪೈಪಿನ ಬಗ್ಗೆ. ಒಂದು ಸಲವೂ ಆಕೆ ಈ ಪದವನ್ನು ಮನುಷ್ಯರಿಗೆ ಬಳಸಲಿಲ್ಲ. ಮನುಷ್ಯರನ್ನು ತಿರಸ್ಕರಿಸಲು ಆಕೆಗೆ ಬೇರೆ ಸಾಮಗ್ರಿ ಇದೆ. ಅದು ಮಾತಿನದಲ್ಲ, ಮೂಗಿನದು. ಇನ್ನೊಂದು ಗಮನಿಸಿದೆ. ತಾತ್ಸಾರ ನಮ್ಮ ಕಡೆ ಒಂಟಿಯಾಗಿ ಓಡಾಡುವುದಿಲ್ಲ. ಹಿಂದೆ ‘ಬ್ಯಾಡ’ ಎಂಬ ಹೋಂಗಾರ್ಡು ಇರಲೇಬೇಕು. ‘ಬ್ಯಾಡ’ ಇಲ್ಲದೆ ಅದು ಕೇಳಿಸುವುದು ಎಲ್ಲ ಮುಗಿದ ಮೇಲೆ, ಸತ್ತವರ ಮನೆಯ ಕಟ್ಟೆಯ ಮೇಲೆ ಕುಳಿತಾಗ: “ಮೊದಲ ಸಣ್ಣ ಗುಳ್ಳಿ ಇತ್ತಂತ. ತಾತ್ಸಾರ ಮಾಡಿದ್ರು.”

ಹುನಗುಂದದ ಎರೆಹೊಲದ ಹಳ್ಳಿಯಲ್ಲಿ ಬೆಳೆದ ನಮ್ಮ ಆಯಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಯಾವುದನ್ನು ತಾತ್ಸಾರ ಮಾಡಬಾರದು ಎಂಬುದರ ಲೆಕ್ಕ ಬೆರಳ ತುದಿಯಲ್ಲಿತ್ತು: ಬೆಂಕಿಯ ಕಿಡಿ, ಹಾವಿನ ಮರಿ, ಕೈಗಡ, ಕಾಲಿನ ಮುಳ್ಳು, ಮತ್ತು “ಸಣ್ಣ ಸೊಸಿ”. ಐದನೆಯದನ್ನು ಹೇಳುವಾಗ ನಮ್ಮವ್ವನ ಕಡೆ ನೋಡುತ್ತಿರಲಿಲ್ಲ. ನೋಡದಿರುವುದನ್ನು ಮಾತ್ರ ಎಲ್ಲರೂ ನೋಡುತ್ತಿದ್ದರು. ಈ ಐದಕ್ಕೂ ಸಮಾನವಾದದ್ದು ಒಂದೇ, ಗಾತ್ರ. ಎಲ್ಲವೂ ಸಣ್ಣವು. ಆನೆಯನ್ನು ತಾತ್ಸಾರ ಮಾಡಬೇಡ ಎಂದು ನಮ್ಮೂರಲ್ಲಿ ಯಾರೂ ಯಾರಿಗೂ ಹೇಳಿದ್ದಿಲ್ಲ.

ಪುಸ್ತಕದ ತಾತ್ಸಾರಕ್ಕೂ ಮನೆಮಾತಿನ ತಾತ್ಸಾರಕ್ಕೂ ಯಾಕೆ ಹೊಂದುವುದಿಲ್ಲ ಎಂಬ ಸಂಶಯವನ್ನು ನಿಘಂಟುಕಾರ ಜಿ. ವೆಂಕಟಸುಬ್ಬಯ್ಯನವರಿಗೇ ಕೇಳಿಬಿಡೋಣ ಎಂದು ಒಂದು ಕಾಲದಲ್ಲಿ ಅಂದುಕೊಂಡಿದ್ದೆ. 1991ರಿಂದ ಪ್ರಜಾವಾಣಿಯಲ್ಲಿ ಅವರ ‘ಇಗೋ ಕನ್ನಡ’ ಬರುತ್ತಿತ್ತು. ಯಾವ ಊರಿನ ಯಾವ ಓದುಗ ಯಾವ ಪದ ಕೇಳಿದರೂ ಉತ್ತರ ಸಿಗುತ್ತಿತ್ತು. ಕಾರ್ಡು ತಂದಿಟ್ಟುಕೊಂಡೆ. ವಿಳಾಸವನ್ನೂ ಬರೆದೆ. ಪ್ರಶ್ನೆಯನ್ನು ಚೆನ್ನಾಗಿ, ಕನ್ನಡ ಮಾಸ್ತರನ ಘನತೆಗೆ ತಕ್ಕಂತೆ ಬರೆಯಬೇಕೆಂದು ಇವತ್ತು ನಾಳೆ ಎನ್ನುತ್ತ ಇದ್ದೆ. ಅಂಕಣ ನಿಂತಿತು. 2021ರಲ್ಲಿ, ನೂರೇಳು ವರ್ಷ ತುಂಬಿದ ಹಿರಿಯರು ತೀರಿಕೊಂಡರು. ನೂರೇಳು ವರ್ಷ ಕಾದ ಮನುಷ್ಯನಿಗೆ ಒಂದು ಕಾರ್ಡು ಹಾಕಲು ನನಗೆ ಪುರಸೊತ್ತಾಗಲಿಲ್ಲ. ಕಾರ್ಡು ಈಗಲೂ ನಿಘಂಟಿನೊಳಗೆ ‘ತ’ ಅಕ್ಷರದ ಪುಟದಲ್ಲಿದೆ.

ಉತ್ತರ ಸಿಕ್ಕಿದ್ದು ಕಲ್ಲಿನವನಿಂದ. ಇಳಕಲ್ಲಿನ ಕೆಂಪು ಗ್ರ್ಯಾನೈಟಿಗೆ ದೇಶವಿದೇಶದಲ್ಲಿ ಹೆಸರಿದೆ, ಹಾಗಾಗಿ ಆಂಧ್ರದ ಕಡೆಯ ಕಲ್ಲಿನ ಜನವೂ ಇಲ್ಲಿ ಬಂದು ಹೋಗಿ ಮಾಡುತ್ತಾರೆ. ಅಂಥ ಒಬ್ಬರಿಗೆ ನಮ್ಮ ಒಲೆಕಟ್ಟೆಗೊಂದು ಹಾಸುಗಲ್ಲು ಹೇಳಿದ್ದೆ. ಅಳತೆ ಬರೆದು ಕಳಿಸುವುದು ನನ್ನ ಕೆಲಸ. ಎಂಟು ದಿನ ಬಿಟ್ಟು ಅವರ ಫೋನು ಬಂತು: “ಮಾಸ್ಟರ್‌ಗಾರು, ತಾತ್ಸಾರಂ ಚೆಯ್ಯಕಂಡಿ.” ನನಗೆ ಮೈ ಉರಿಯಿತು. ತಾತ್ಸಾರ? ನಾನೆಂದು ನಿಮ್ಮನ್ನು ತಾತ್ಸಾರ ಮಾಡಿದೆ? ಮನೆಗೆ ಬಂದಾಗ ಚಾ ಕೊಟ್ಟಿಲ್ಲವೇ, ಖುರ್ಚಿ ಹಾಕಿಲ್ಲವೇ, ‘ಬರ್ರಿ’ ಎಂದು ಕರೆದಿಲ್ಲವೇ? ಒಂದೇ ಉಸಿರಿಗೆ ಕೇಳಿದೆ. ಅತ್ತ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ಅವರು ತಮಗೆ ಬರುವ ಕನ್ನಡದಲ್ಲಿ, ಹೆದರುತ್ತ ಹೆದರುತ್ತ ವಿವರಿಸಿದರು. ತೆಲುಗಿನಲ್ಲಿ ತಾತ್ಸಾರಂ ಎಂದರೆ ತಡ ಮಾಡುವುದು. ಅಳತೆ ಬೇಗ ಕಳಿಸಿರಿ ಎಂದಷ್ಟೇ ಅವರು ಕೇಳಿದ್ದು.

ಫೋನಿಟ್ಟು ಕುಳಿತೆ. ಒಂದೇ ಪದ ಗಡಿ ದಾಟಿದರೆ ಅವಮಾನ ಹೋಗಿ ಆಲಸ್ಯವಾಗುತ್ತದೆ. ಆದರೆ ಯೋಚಿಸಿದರೆ ನಮ್ಮ ಮನೆಯಾಕೆಯ ಕನ್ನಡ ಈ ಎರಡರ ನಡುವೆ ಎಲ್ಲೋ ನಿಂತಿದೆ. ಮಾಳಗಿಗೆ ಮಣ್ಣು ಹಾಕಿಸುವುದನ್ನು ನಾನು ಮುಂದೂಡಿದ್ದು ಅದು ಸಣ್ಣ ಕೆಲಸ ಎಂಬ ಕಾರಣಕ್ಕೆ. ಕೀಳೆಂದು ಕಂಡದ್ದನ್ನು ಮನುಷ್ಯ ನಾಳೆಗೆ ಇಡುತ್ತಾನೆ. ಅಥವಾ ನಾಳೆಗೆ ಇಟ್ಟದ್ದೆಲ್ಲ ಮೆಲ್ಲಗೆ ಕೀಳಾಗುತ್ತ ಹೋಗುತ್ತದೆ. ಯಾವ ಕಚೇರಿಯಲ್ಲಾದರೂ “ನಾಳೆ ಬರ್ರಿ” ಅನ್ನಿಸಿಕೊಂಡವರಿಗೆ ಕನ್ನಡದ ತಾತ್ಸಾರ, ತೆಲುಗಿನ ತಾತ್ಸಾರ ಎರಡೂ ಒಂದೇ ಎಂದು ವಿವರಿಸಬೇಕಿಲ್ಲ.

ತಾತ್ಸಾರದ ಅಣ್ಣತಮ್ಮಂದಿರು ಬಹಳ. ಆದರೆ ಒಬ್ಬೊಬ್ಬರ ವಾಸ ಒಂದೊಂದು ಕಡೆ. ಧಿಕ್ಕಾರ ಇರುವುದು ಬೀದಿಯಲ್ಲಿ. ಬಾಗಲಕೋಟೆಯ ನವನಗರದಲ್ಲಿ ಜಿಲ್ಲಾಡಳಿತ ಭವನದ ಮುಂದೆ ಹೋಗಿ ನಿಂತರೆ ವಾರಕ್ಕೊಮ್ಮೆಯಾದರೂ ಯಾರಿಗೋ ಧಿಕ್ಕಾರ ಬಿದ್ದಿರುತ್ತದೆ. ಕೂಗಿದವರು ಗಂಟಲು ಕಟ್ಟಿ ಚಾದಂಗಡಿಗೆ ಹೋಗುತ್ತಾರೆ, ಕೂಗಿಸಿಕೊಂಡವರ ಸಿಬ್ಬಂದಿಯೂ ಅದೇ ಅಂಗಡಿಯಲ್ಲಿ ಚಾ ಕುಡಿಯುತ್ತಿರುತ್ತಾರೆ. ಅದರಲ್ಲಿ ದ್ವೇಷ ಕಡಿಮೆ, ಪ್ರಾಸ ಜಾಸ್ತಿ. ತಿರಸ್ಕಾರ ಇರುವುದು ಫೈಲಿನಲ್ಲಿ. ‘ತಿರಸ್’ ಎಂದರೆ ಅಡ್ಡಕ್ಕೆ, ಆಚೆಗೆ. ಆಚೆ ಇಟ್ಟುಬಿಡುವುದೇ ತಿರಸ್ಕಾರ. “ನಿಮ್ಮ ಅರ್ಜಿಯನ್ನು ತಿರಸ್ಕರಿಸಲಾಗಿದೆ.” ಯಾರು ತಿರಸ್ಕರಿಸಿದರು ಎಂದು ಕೇಳುವಂತಿಲ್ಲ. ಕರ್ಮಣಿ ಪ್ರಯೋಗ ಕನ್ನಡಿಗರ ಮನೆಯಲ್ಲಿ ಹುಟ್ಟಲಿಲ್ಲ, ಬೆಳೆಯಲಿಲ್ಲ. ಅದಕ್ಕೆ ಸಂಬಳ ಸಿಗುವುದು ಕಚೇರಿಯಲ್ಲಿ ಮಾತ್ರ. ಇನ್ನು ಉಪೇಕ್ಷೆ ಒಳ್ಳೆಯ ಮನೆತನದ್ದು. ಅಪೇಕ್ಷೆ, ನಿರೀಕ್ಷೆ, ಪರೀಕ್ಷೆ ಅದರ ಒಡಹುಟ್ಟಿದವರು, ಎಲ್ಲರೂ ‘ಈಕ್ಷ’ ಎಂಬ ಒಂದೇ ನೋಟದ ಮಕ್ಕಳು. ಪರೀಕ್ಷೆಯನ್ನು ಉಪೇಕ್ಷೆ ಮಾಡಿ ಫಲಿತಾಂಶ ನಿರೀಕ್ಷಿಸುವ ಹುಡುಗರಿಗೆ ನಾನು ಈ ವಂಶಾವಳಿ ಹೇಳುತ್ತಿದ್ದೆ. ಅವರು ಅದನ್ನೂ ಉಪೇಕ್ಷಿಸುತ್ತಿದ್ದರು.

ನನಗೆ ಇವುಗಳಲ್ಲಿ ಇಷ್ಟವಾದದ್ದು ನಮ್ಮದೇ ಆದ ‘ಕಡೆಗಣಿಸು’. ಕಡೆಗಣ್ಣು ಎಂದರೆ ಕಣ್ಣಿನ ಅಂಚು. ನೇರವಾಗಿ ನೋಡದೆ ಅಂಚಿನಿಂದ ನೋಡಿ ಬಿಟ್ಟರೆ ಕಡೆಗಣಿಸಿದಂತೆ. ಚೋದ್ಯ ನೋಡಿ, ನಮ್ಮ ಕವಿಗಳ ಪ್ರಣಯವೆಲ್ಲ ನಡೆಯುವುದೂ ಇದೇ ಕಡೆಗಣ್ಣಿನಲ್ಲಿ. ಅದೇ ಅಂಚು, ಅದೇ ರೆಪ್ಪೆ. ಒಮ್ಮೆ ಒಲವು, ಇನ್ನೊಮ್ಮೆ ಅಲಕ್ಷ್ಯ. ಹರೆಯದಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಇವೆರಡರ ವ್ಯತ್ಯಾಸ ತಿಳಿಯದೆ ಕೆಟ್ಟವರು ನನ್ನ ಓರಗೆಯವರಲ್ಲಿ ಬಹಳ ಮಂದಿ ಇದ್ದಾರೆ. ನನ್ನ ಹೆಸರು ಇಲ್ಲಿ ಬೇಡ.

ಇಷ್ಟೆಲ್ಲ ಸಂಸ್ಕೃತ, ಹಳಗನ್ನಡ ಹೇಳಿದರೂ ನಮ್ಮ ಸಂತೆಯಲ್ಲಿ ಇವು ಯಾವುವೂ ನಡೆಯುವುದಿಲ್ಲ. ಅಲ್ಲಿ ನಡೆಯುವುದು ‘ಕಿಮ್ಮತ್ತು’. “ಅಳಿಯಾ ನನಗ ಕಿಮ್ಮತ್ತ ಕೊಡಂಗಿಲ್ಲ.” “ಅವ್ಗ ಯಾರ ದರಕಾರೂ ಇಲ್ಲ.” “ನಾ ಕರದ್ರ ಕ್ಯಾರೇ ಅನ್ನಲಿಲ್ಲ.” ಬಿಜಾಪುರದ ಆದಿಲಶಾಹಿ ಕಾಲದಿಂದ, ಆಮೇಲೆ 1956ರ ತನಕ ಮುಂಬೈ ಆಡಳಿತದಲ್ಲಿದ್ದಾಗಿನಿಂದ, ನಮ್ಮ ಬಾಯಿಯಲ್ಲಿ ಫಾರಸಿ, ಉರ್ದು, ಮರಾಠಿ ಕಲೆತು ಹೋಗಿವೆ. ಅವಮಾನವಾದಾಗ ನಾವು ಮೂರು ಭಾಷೆಗಳಲ್ಲಿ ನೋಯುತ್ತೇವೆ. ಕಿಮ್ಮತ್ತು ಎಂದರೆ ಬೆಲೆ. ಹಗುರ ಎಂದರೆ ತೂಕವಿಲ್ಲದ್ದು. ‘ಲೆಕ್ಕಕ್ಕ ಹಿಡೀಲಿಲ್ಲ’ ಎಂದರೆ ಎಣಿಕೆಯಲ್ಲಿ ಬಿಟ್ಟರು. ‘ಕಾಲಕಸ ಮಾಡಿದ್ರು’ ಎಂದರೆ ಕಸದ ಭಾವಕ್ಕೆ ಹಾಕಿದರು. ಬೆಲೆ, ತೂಕ, ಎಣಿಕೆ: ನಮ್ಮ ಮರ್ಯಾದೆಯನ್ನೆಲ್ಲ ನಾವು ಕಿರಾಣಿ ಅಂಗಡಿಯ ತಕ್ಕಡಿಯಲ್ಲಿಟ್ಟು ಮಾತಾಡುತ್ತೇವೆ.

ತಕ್ಕಡಿಯೂ ಬೇಕಿಲ್ಲ, ಒಂದು ಅಕ್ಷರ ಸಾಕು. ‘ಗಿ’. ಕನ್ನಡದಲ್ಲಿ ಯಾವ ದೊಡ್ಡ ವಸ್ತುವನ್ನಾದರೂ ಕ್ಷಣದಲ್ಲಿ ಕುಗ್ಗಿಸಬೇಕೆಂದರೆ ಅದರ ಹಿಂದೆ ‘ಗಿ’ ಹಚ್ಚಿದ ಜೋಡಿಯನ್ನು ತಂದು ನಿಲ್ಲಿಸಿದರೆ ಆಯಿತು. ಪದವಿ ಗಿದವಿ, ಪ್ರಶಸ್ತಿ ಗಿಶಸ್ತಿ, ಮಂತ್ರಿ ಗಿಂತ್ರಿ. ನಾನು ನಿವೃತ್ತನಾದ ಮೇಲೆ ಪ್ರಬಂಧ ಬರೆಯಲು ಹಿಡಿದದ್ದು ಓಣಿಯಲ್ಲಿ ಗೊತ್ತಾದಾಗ ಒಬ್ಬರು ಬಹಳ ಪ್ರೀತಿಯಿಂದ ಕೇಳಿದರು, “ಸರ್ರ, ಈಗ ಮನ್ಯಾಗ ಕುಂತು ಬರಹ ಗಿರಹ ಮಾಡ್ತೀರಂತಲ್ರಿ?” ಆ ‘ಗಿರಹ’ ನನ್ನ ಜಾತಕದಲ್ಲಿ ಇನ್ನೂ ಕುಳಿತಿದೆ. ಭಾಷೆಯಲ್ಲಿ ಈ ಪೆಟ್ಟಿನಿಂದ ತಪ್ಪಿಸಿಕೊಂಡವು ‘ಗಿ’ಯಿಂದಲೇ ಶುರುವಾಗುವ ಪದಗಳು ಮಾತ್ರ. ಗಿಣಿಗೆ ಗಿಣಿ ಎಂದರೆ ಎರಡು ಗಿಣಿಯಾಗುತ್ತದೆಯೇ ಹೊರತು ಅವಮಾನವಾಗುವುದಿಲ್ಲ.

ವ್ಯಾಪಾರದಲ್ಲಿ ತಾತ್ಸಾರವೇ ಒಂದು ಶಾಸ್ತ್ರ. ಇಳಕಲ್ಲಿನ ಸೀರೆ ಅಂಗಡಿಯಲ್ಲಿ ನಮ್ಮ ಮನೆಯಾಕೆ ಕುಳಿತುಕೊಳ್ಳುವುದನ್ನು ನೋಡಬೇಕು. ಮನಸ್ಸಿಗೆ ಬಂದ ಸೀರೆಯನ್ನು ಮುಟ್ಟುವುದೇ ಇಲ್ಲ. ಬೇಡವಾದ ಹತ್ತನ್ನು ಬಿಚ್ಚಿಸಿ, ಬೇಕಾದದ್ದರ ಅಂಚನ್ನು ಎರಡು ಬೆರಳಲ್ಲಿ, ಸತ್ತ ಹಲ್ಲಿಯನ್ನು ಹಿಡಿದಂತೆ ಹಿಡಿದು, “ಇದೇನ ಬಣ್ಣಾರೀ, ಹಿಂಗ ಸುಟ್ಟ ಬದನೀಕಾಯಿ ಆದಂಗ ಆಗೇತಿ” ಅನ್ನುತ್ತಾಳೆ. ಅಂಗಡಿಯವರೂ ಕಡಿಮೆಯಿಲ್ಲ. “ಅಕ್ಕಾರ, ಅದ ನಿಮಗ ಬ್ಯಾಡ ಬಿಡ್ರಿ, ಅದರ ದರ ಬ್ಯಾರೆ” ಎಂದು ಮಡಚಲು ತೊಡಗುತ್ತಾರೆ. ಅಲ್ಲಿಗೆ ಇಬ್ಬರಿಗೂ ತಿಳಿಯುತ್ತದೆ, ಈ ಸೀರೆ ಇವತ್ತು ಈ ಅಕ್ಕನ ಜೊತೆಗೇ ಮನೆಗೆ ಹೋಗುತ್ತದೆ ಎಂದು. ಇನ್ನು ಅರ್ಧ ತಾಸು ಪರಸ್ಪರ ತಾತ್ಸಾರ ಬಾಕಿ ಇರುತ್ತದೆ. ನಾನು ಹೊರಗೆ ಚಪ್ಪಲಿ ಕಾಯುತ್ತೇನೆ.

ಆ ಸೀರೆ ಆಗುವ ಜಾಗದಲ್ಲಿ ಈ ಆಟ ನಡೆಯುವುದಿಲ್ಲ. ನಮ್ಮ ಮನೆಯಿಂದ ನಾಲ್ಕನೆಯ ಮನೆಯಲ್ಲಿ ಕುಣಿಮಗ್ಗವಿದೆ. ನೇಯುವವರು ನನಗಿಂತ ಹಿರಿಯರು, ನಾನು ‘ಕಾಕಾ’ ಎನ್ನುತ್ತೇನೆ, ಅವರು ನನ್ನನ್ನು ‘ಮಾಸ್ತರ್ರ’ ಎನ್ನುತ್ತಾರೆ. ಇಳಕಲ್ ಸೀರೆಯ ಗುಟ್ಟು ಅದರ ಕೊಂಡಿಯಲ್ಲಿದೆ ಎಂದು ನನಗೆ ತೋರಿಸಿಕೊಟ್ಟವರು ಅವರೇ. ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದೋ ರೇಷ್ಮೆಯದೋ ಆಗಬಹುದು, ಸೆರಗು ಮಾತ್ರ ರೇಷ್ಮೆ, ಕೆಂಪು, ಅದರಲ್ಲಿ ಜೋಳದ ತೆನೆಯನ್ನು ನೆನಪಿಸುವ ಬಿಳಿಯ ಟೋಪ ತೆನಿ. ಈ ಎರಡು ಹಾಸುಗಳನ್ನು ಒಂದೊಂದೇ ಎಳೆ ಹಿಡಿದು, ಒಂದರ ಕುಣಿಕೆಯಲ್ಲಿ ಇನ್ನೊಂದನ್ನು ಸಿಕ್ಕಿಸಿ ಜೋಡಿಸಬೇಕು. ಉದ್ದ ಹಾಸು ಹಾಕಿ ಹತ್ತು ಸೀರೆ ಒಟ್ಟಿಗೆ ನೇಯುವ ಸುಖ ಇಲ್ಲಿಲ್ಲ. ಒಂದು ಸೀರೆಗೆ ಒಂದು ಹಾಸು, ಮುಂದಿನದಕ್ಕೆ ಮತ್ತೆ ಮೊದಲಿನಿಂದ ಕೊಂಡಿ. ಮನೆಯ ಹೆಣ್ಣುಮಕ್ಕಳು ಕಂಡಿಕೆ ಸುತ್ತುತ್ತ, ಎಳೆ ಕೊಡುತ್ತ ಕೂಡದಿದ್ದರೆ ಲಾಳಿ ಅಲ್ಲಾಡುವುದಿಲ್ಲ. ಆದರೆ ಸೀರೆಯನ್ನು ಯಾರು ನೇಯ್ದರು ಎಂದು ಕೇಳಿದರೆ ಊರು ಹೇಳುವುದು ಗಂಡಸಿನ ಹೆಸರು. ಇದಕ್ಕೂ ತಾತ್ಸಾರ ಎಂದೇ ಹೆಸರು, ಹೋಂಗಾರ್ಡು ಮಾತ್ರ ಇಲ್ಲ.

ಒಂದು ಮಧ್ಯಾಹ್ನ ಕಾಕಾ ಕೊಂಡಿ ಹಾಕುತ್ತಿದ್ದರು. ನೂರಾರು ಎಳೆ ಆಗಿದ್ದವು. ಯಾವುದೋ ಒಂದು ಎಳೆ ಸಿಕ್ಕಿಕೊಳ್ಳದೆ ಜಾರಿತು. ಮುಂದೆ ಹೋದವರು ತಡೆದು, ಹಿಂದೆ ಬಂದು, ಕನ್ನಡಕ ಒರೆಸಿ, ಹುಡುಕತೊಡಗಿದರು.

“ಒಂದ ಎಳಿ ಅಲ್ಲೇನ್ರಿ ಕಾಕಾ, ಯಾರಿಗಿ ಕಾಣತೈತಿ?” ಅಂದೆ. ನನ್ನದು ಮಾತಾಡಿಸಬೇಕೆಂಬ ಚಪಲ.

“ನೋಡಾವರಿಗೆ ಕಾಣಂಗಿಲ್ಲರಿ ಮಾಸ್ತರ್ರ. ಉಟ್ಟಾಕಿಗೆ ಕಾಣತೈತಿ. ಎಳಿ ನಾವ್ ತಾತ್ಸಾರ ಮಾಡಿದ್ರ ಆಕಿ ನಮ್ಮನ್ನ ಮಾಡ್ತಾಳ.”

ಮಹಾರಾಷ್ಟ್ರದ ಹಳ್ಳಿಗಳಲ್ಲಿ ಇದೇ ಸೀರೆಗೆ ‘ಇರಕಲ್’ ಎನ್ನುತ್ತಾರೆ. ಅಲ್ಲಿನ ಅಜ್ಜಿಯರು ಇದನ್ನುಟ್ಟು ಹೊಲಕ್ಕೆ ಹೋದರು, ಪಂಢರಪುರಕ್ಕೆ ನಡೆದರು. ನಮ್ಮಲ್ಲಿ ನಾನು ಕಾಲೇಜಿನಲ್ಲಿದ್ದಾಗ ಹುಬ್ಬಳ್ಳಿಗೆ ಓದಲು ಹೋದ ಹುಡುಗಿಯರು ರಜೆಗೆ ಬರುವಾಗ ನೈಲಾನ್ ಉಟ್ಟು ಬಂದರು; ಇಳಕಲ್ ಸೀರೆ ಎಂದರೆ ‘ಮುದುಕ್ಯಾರ ಸೀರಿ’ ಎಂದು ಮೂಗು ಮುರಿದರು. ಹಾಗೆ ಮುರಿದ ಮೂಗುಗಳಲ್ಲಿ ಒಂದು ನಮ್ಮ ತಂಗಿಯದು. ಈಗ ಅವಳ ಮಗಳು ಬೆಂಗಳೂರಿನಿಂದ ಫೋನು ಮಾಡುತ್ತಾಳೆ, “ಮಾಮಾ, ಆಯಿ ಟ್ರಂಕಿನ್ಯಾಗಿನ ಹಳೇ ಇಳಕಲ್ ಅದಾವೇನು?” ಅದಾವ. ಒಂದನ್ನು ಮಾತ್ರ ಇಲಿ ತಾತ್ಸಾರ ಮಾಡಿಲ್ಲ.

ಊರೂರುಗಳ ನಡುವೆಯೂ ತಾತ್ಸಾರವಿದೆ. ಅಮೀನಗಡದವರ ಮುಂದೆ ಗೋಕಾಕದ ಕರದಂಟನ್ನು ಹೊಗಳಬೇಡಿ. ಗೋಕಾಕದಲ್ಲಿ ಅಮೀನಗಡದ್ದನ್ನು ಬೇಕಾದರೆ ಹೊಗಳಿ, ಅವರು ನಗುತ್ತಾರೆ. ಆ ನಗೆ ಹೆಚ್ಚು ಕೆಟ್ಟದ್ದು. ಅಂಟು, ಬೆಲ್ಲ, ಕೊಬ್ಬರಿ, ಗೋಡಂಬಿ ಎರಡರಲ್ಲೂ ಅವೇ. ನಾನು ಹುನಗುಂದ ತಾಲ್ಲೂಕಿನವನಾದ್ದರಿಂದ ನನ್ನ ತೀರ್ಪು ಏನೆಂದು ಬೇರೆ ಹೇಳಬೇಕಿಲ್ಲ.

ನಮ್ಮ ಜಿಲ್ಲೆಯಲ್ಲಿ ಅತ್ಯಂತ ಪಳಗಿದ ತಾತ್ಸಾರಗಾರರು ಬಾದಾಮಿಯ ಮಂಗಗಳು. ದಿನವೂ ಇಷ್ಟು ಪ್ರವಾಸಿಗರನ್ನು ನೋಡಿ ನೋಡಿ ಅವಕ್ಕೆ ನಮ್ಮ ಮುಖದಲ್ಲಿ ಆಸಕ್ತಿ ಉಳಿದಿಲ್ಲ. ಕೈಚೀಲದಲ್ಲಿ ಮಾತ್ರ ಇದೆ. ಮೂರನೆಯ ಗುಹೆಯ ಮೆಟ್ಟಿಲ ಮೇಲೆ ಒಂದು ಮುದಿ ಮಂಗ ನನ್ನ ಕೈಯಿಂದ ಬಾಳೆಹಣ್ಣು ಕಸಿದು, ಸುಲಿದು, ಅರ್ಧ ತಿಂದು, ಉಳಿದರ್ಧವನ್ನು ನನ್ನೆದುರಿಗೇ ಎಸೆಯಿತು. ಆ ಗುಹೆಯನ್ನು ಮಂಗಲೇಶ ಮಾಡಿಸಿದ್ದು 578ರಲ್ಲಿ. ಮಂಗಗಳ ನಡೆ ನೋಡಿದರೆ ಅವು ಅದಕ್ಕೂ ಮುಂಚಿನಿಂದ ಇರುವಂತೆ ಕಾಣುತ್ತದೆ.

ಗುಹೆಗಳಿಗೆ ಬರುವ ಜನದಲ್ಲಿ ಬಹುಪಾಲು ಕೆರೆಯ ಆಚೆ ದಡಕ್ಕೆ ಬರುವುದಿಲ್ಲ. ಅಗಸ್ತ್ಯತೀರ್ಥದ ಈಶಾನ್ಯಕ್ಕೆ, ಬಂಡೆಯ ಮೇಲೆ, ಕಪ್ಪೆ ಅರಭಟ್ಟನ ಶಾಸನವಿದೆ. ಹತ್ತೇ ಸಾಲು, 700ರ ಆಸುಪಾಸಿನದು. ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯ ತ್ರಿಪದಿಗಳು ಅದರಲ್ಲಿವೆ; ಬೀಸುವಕಲ್ಲಿನ ಮುಂದೆ ನಮ್ಮ ಆಯಿ ಹಾಡುತ್ತಿದ್ದ ಅದೇ ಮಟ್ಟು. ನಾನು ಹುಡುಗರನ್ನು ಪ್ರತಿವರ್ಷ ಅಲ್ಲಿಗೆ ಕರೆದೊಯ್ಯುತ್ತಿದ್ದೆ. ಅವರಿಗೆ ಹೆಸರಿನಲ್ಲಿರುವ ಕಪ್ಪೆಯ ಮೇಲೆಯೇ ಕಣ್ಣು. “ಸರ್, ರಾಜಾನ ಮಂದಿ ಕಪ್ಪಿ ಅಂತ ಹೆಸರ ಇಡ್ತಿದ್ರ?” ಇಟ್ಟಿದ್ದು ಯಾರು, ಯಾಕೆ ಎಂದು ನನ್ನನ್ನು ಕೇಳಿದರೆ? ಅಡ್ಡಹೆಸರು ಇಡುವವರಿಗೆ ಯಾವ ಕಾಲದಲ್ಲೂ ಬರಗಾಲವಿಲ್ಲ. ಬೇಕಾದರೆ ನನ್ನ ಹುಡುಗರು ನನಗೆ ಇಟ್ಟದ್ದನ್ನು ವಿಚಾರಿಸಿ.

ಒಳ್ಳೆಯವನಿಗೆ ಒಳ್ಳೆಯವನು, ಮಧುರವಾಗಿದ್ದವನಿಗೆ ಮಧುರ, ಪೀಡಿಸಿದವನಿಗೆ ಮಾತ್ರ ಕಲಿಗೂ ಮೀರಿದ ಕೇಡು: ಅರಭಟ್ಟನ ಗುಣವನ್ನು ತ್ರಿಪದಿ ಹೀಗೆ ಬಣ್ಣಿಸುತ್ತದೆ. ಪಠ್ಯಪುಸ್ತಕದಲ್ಲಿ ಬರುವುದು ಇಷ್ಟು. ಆದರೆ ಅದೇ ಬಂಡೆಯಲ್ಲಿ, ಕನ್ನಡದ ನಡುವೆ, ಒಂದು ಸಂಸ್ಕೃತ ಶ್ಲೋಕವಿದೆ. ತೇಜಸ್ಸುಳ್ಳವನಿಗೆ ಮಾನ ಮುರಿಯುವುದಕ್ಕಿಂತ ಸಾವು ಲೇಸು ಎಂಬುದು ಅದರ ಮಾತು. ಇದನ್ನು ಯಾರು ಬೇಕಾದರೂ ಹೇಳುತ್ತಾರೆ. ಕಾರಣ ಕೊಡುತ್ತದಲ್ಲ, ಅಲ್ಲಿ ನಾನು ಪ್ರತಿವರ್ಷ ನಿಲ್ಲುತ್ತಿದ್ದೆ: ಸಾವಿನ ನೋವು ಆ ಕ್ಷಣದ್ದು, ಮಾನಭಂಗದ್ದು ದಿನದಿನವೂ. ಬಯಲಾಟದ ವೀರರಂತೆ ಮೀಸೆ ತಿರುವಿ ಹೇಳಿದ ಮಾತಲ್ಲ ಇದು. ದಿನದಿನ ಎಂದರೆ ಏನೆಂದು ತಿಳಿದವನು ಬರೆದದ್ದು. ಒಮ್ಮೆ ಬೈಸಿಕೊಂಡದ್ದು ಮರೆತುಹೋಗುತ್ತದೆ. ಊಟದ ಪಂಕ್ತಿಯಲ್ಲಿ ತುಪ್ಪ ಬಡಿಸುತ್ತ ಬಂದ ಕೈ ನಮ್ಮ ಎಲೆಯ ಹತ್ತಿರ ಬಂದಾಗ ಒಂದು ಹನಿ ಕಡಿಮೆ ಬಿಡುತ್ತದಲ್ಲ, ನಾವು ಬಂ‌ದಾಗ ಮಾತು ನಿಲ್ಲುತ್ತದಲ್ಲ, ಹೆಸರಿನ ಮುಂದಿನ ‘ರೀ’ ಸದ್ದಿಲ್ಲದೆ ಉದುರುತ್ತದಲ್ಲ, ಅದು ಮರೆಯುವುದಿಲ್ಲ. ನಾಳೆ ಮತ್ತೆ ಅದೇ ಪಂಕ್ತಿ, ಅದೇ ಕೈ. ಊರ ಕೆರೆಗೂ ಬಾವಿಗೂ ಬಿಡದೆ, ಗುಡಿಯ ಹೊರಗೆ ನಿಲ್ಲಿಸಿ, ನಮ್ಮ ಹಳ್ಳಿಗಳು ಎಷ್ಟು ಮನೆತನಗಳಿಗೆ ಇದನ್ನು ಎಷ್ಟು ತಲೆಮಾರು ಬಡಿಸಿದವು ಎಂಬುದನ್ನು ಆ ಬಂಡೆಯ ಮುಂದೆ ಹುಡುಗರಿಗೆ ಹೇಳಬೇಕೆಂದು ನನಗೆ ಅನ್ನಿಸುತ್ತಿತ್ತು. ಕೆಲವು ವರ್ಷ ಹೇಳಿದೆ. ಕೆಲವು ವರ್ಷ, ಬಸ್ಸಿಗೆ ತಡವಾಗುತ್ತದೆ ಎಂದು, ಕಪ್ಪೆಯ ಜೋಕಿಗೇ ಮುಗಿಸಿದೆ.

ರಾಜರ ತಿರಸ್ಕಾರ ಬೇರೆ ಜಾತಿಯದು. ಅದು ಶ್ಲೇಷೆ ಮಾಡುತ್ತದೆ. ಐಹೊಳೆಯ ಮೇಗುಟಿಯಲ್ಲಿ 634ರಲ್ಲಿ ರವಿಕೀರ್ತಿ ಇಮ್ಮಡಿ ಪುಲಕೇಶಿಯನ್ನು ಹೊಗಳುತ್ತ, ಸೋತ ಹರ್ಷನ ಹೆಸರನ್ನೇ ಹಿಡಿದು, ಭಯದಲ್ಲಿ ಅವನ ಹರ್ಷವೇ ಇಳಿದುಹೋಯಿತೆಂದು ಆಡಿಕೊಂಡ. ಅದೇ ಉಸಿರಿನಲ್ಲಿ ತನ್ನನ್ನು ಕಾಳಿದಾಸ, ಭಾರವಿಯರ ಸಾಲಿಗೆ ಕೂರಿಸಿಕೊಂಡ. ಎಂಟೇ ವರ್ಷದಲ್ಲಿ, 642ರಲ್ಲಿ, ಪಲ್ಲವರ ನರಸಿಂಹವರ್ಮ ಬಾದಾಮಿಯನ್ನು ಗೆದ್ದು ‘ವಾತಾಪಿಕೊಂಡ’ ಎಂದು ಬಿರುದು ಇಟ್ಟುಕೊಂಡ. ಇದನ್ನು ತರಗತಿಯಲ್ಲಿ ಹೇಳಿದಾಗ ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತು ಕೇಳಿದ್ದ, “ಎಷ್ಟಕ್ಕ ಕೊಂಡ್ರಿ ಸರ?” ಇತಿಹಾಸದಲ್ಲಿ ಪಲ್ಲವರಿಗೆ ಬಾದಾಮಿಯ ಕಡೆಯಿಂದ ಇದಕ್ಕಿಂತ ಒಳ್ಳೆಯ ಉತ್ತರ ಹೋಗಿರಲಾರದು. ಅವನು ಈಗ ಗ್ರ್ಯಾನೈಟ್ ವ್ಯಾಪಾರದಲ್ಲಿದ್ದಾನೆ.

ಕಿಮ್ಮತ್ತಿನ ಮಾತು ಬಂದಾಗ ಬಾಗಲಕೋಟೆಯ ನಮ್ಮ ಸೋದರಮಾವ ನೆನಪಾಗುತ್ತಾರೆ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರಿನ ಓಣಿಗಳು ಹೋದಾಗ ಅವರೂ ನವನಗರಕ್ಕೆ ಬಂದರು. ಅಲ್ಲಿ ಓಣಿಗೆ ಹೆಸರಿಲ್ಲ, ಸೆಕ್ಟರಿಗೆ ನಂಬರಿದೆ. ಹಳೆಯ ಊರಿನಲ್ಲಿ ‘ಬೇವಿನಗಿಡದ ಮನಿ’ ಎಂದರೆ ಟಪಾಲು ಬರುತ್ತಿತ್ತು. ಇಲ್ಲಿ ಯಾರಾದರೂ ವಿಳಾಸ ಕೇಳಿದರೆ ಮಾವನಿಗೆ ಸಿಟ್ಟು: “ನಂಬರ ಹೇಳಾಕ ನಾ ಏನ ಜೇಲಿನ್ಯಾಗ ಅದೀನೇನ?” ರಸ್ತೆ ಅಗಲ, ಗಟಾರು ಸರಿ, ನೀರು ಹೊತ್ತಿಗೆ ಬರುತ್ತದೆ ಎಂದು ಅವರ ಮಕ್ಕಳು ಹೇಳಿದರೆ ಒಪ್ಪುತ್ತಿದ್ದರು. ಒಪ್ಪಿ, ಸಂಜೆ ಹಳೆಯ ಊರಿನ ಉಳಿದ ಭಾಗಕ್ಕೆ ಹೋಗಿ, ಅಲ್ಲಿನ ಕಟ್ಟೆಯ ಮೇಲೆ ಕುಳಿತು, ನವನಗರವನ್ನು ಬೈದು ರಾತ್ರಿ ಊಟಕ್ಕೆ ನವನಗರಕ್ಕೇ ಬರುತ್ತಿದ್ದರು.

ಕೃಷ್ಣೆ ಮಲಪ್ರಭೆ ಕೂಡುವ ಕೂಡಲಸಂಗಮ ನಮ್ಮ ತಾಲ್ಲೂಕಿನದೇ. ಬಸವಣ್ಣನವರ ಏಳು ‘ಬೇಡ’ಗಳ ವಚನ ನಾಡಿಗೆಲ್ಲ ಬಾಯಿಪಾಠ. ನಾನೂ ಎಷ್ಟೋ ಸಲ ಕಲಿಸಿದ್ದೇನೆ, ಆದರೆ ಎಣಿಸಿ ನೋಡಿದ್ದು ಈ ಮಳೆಗಾಲದಲ್ಲಿ. ಮೊದಲ ನಾಲ್ಕು ಕಳವು, ಕೊಲೆ, ಸುಳ್ಳು, ಸಿಟ್ಟು. ಇವಕ್ಕೆ ಪೊಲೀಸರಿದ್ದಾರೆ, ಕೊನೆಗೆ ರಕ್ತದೊತ್ತಡದ ಡಾಕ್ಟರಾದರೂ ಇದ್ದಾರೆ. ಉಳಿದ ಮೂರು: ಪರರನ್ನು ಕಂಡು ಅಸಹ್ಯಪಡುವುದು, ತನ್ನನ್ನು ತಾನು ಹೊಗಳಿಕೊಳ್ಳುವುದು, ಎದುರಿಗಿದ್ದವರನ್ನು ಹಳಿಯುವುದು. ಮೂರೂ ಒಂದೇ ಕಸುಬು. ಮೂರಕ್ಕೂ ಎಲ್ಲೂ ಕೇಸಾಗುವುದಿಲ್ಲ. ಏಳರಲ್ಲಿ ಮೂರು ಪಾಲನ್ನು ಆ ಮಹಾನುಭಾವರು ಇದಕ್ಕೇ ಎತ್ತಿಟ್ಟದ್ದು ನನ್ನ ಗಮನಕ್ಕೆ ಬರಲು ಮಾಳಗಿ ಸೋರಬೇಕಾಯಿತು.

ನಮ್ಮ ಇಳಕಲ್ಲಿನ ಮಹಾಂತ ಅಪ್ಪಗಳು 1975ರಿಂದ ಜೋಳಿಗೆ ಹಿಡಿದು ಮನೆಮನೆಗೆ ನಡೆದವರು. ಅಕ್ಕಿ, ಕಾಸು ಬೇಡ. ನಿಮ್ಮ ದುಶ್ಚಟ ಹಾಕಿರಿ ಎಂದು ಬೇಡಿದರು. ಸಾರಾಯಿ, ತಂಬಾಕು, ಇಸ್ಪೀಟು ಬಿಟ್ಟವರು ಎಷ್ಟೋ ಮಂದಿ. ಅವರ ಹುಟ್ಟಿದ ದಿನ, ಆಗಸ್ಟ್ 1, ಈಗ ವ್ಯಸನಮುಕ್ತ ದಿನ. ಆ ಜೋಳಿಗೆ ನಮ್ಮ ಓಣಿಗೆ ಬಂದಾಗ ಹಾಕಲು ನನ್ನಲ್ಲಿ ಏನೂ ಇರಲಿಲ್ಲ. ಕುಡಿಯುವುದಿಲ್ಲ, ಎಲೆಯಡಿಕೆ ಸಹ ಇಲ್ಲ. ಕೈಮುಗಿದು, ಹೆಮ್ಮೆಯಿಂದ, ಪಕ್ಕದ ಮನೆಯವನು ಏನು ಹಾಕುತ್ತಾನೆಂದು ಕಡೆಗಣ್ಣಿನಿಂದ ನೋಡುತ್ತ ನಿಂತಿದ್ದೆ.

ಇಲ್ಲಿಗೆ ಬರೆದು ಮುಗಿಸುವ ಹೊತ್ತಿಗೆ ಆರಿದ್ರಾ ಮಳೆ ಹೂಡಿತು. ಎರಡನೆಯ ಹನಿ ಬಿದ್ದದ್ದು ನೇರವಾಗಿ ಕಾಗದದ ಮೇಲೆ, ‘ತಾತ್ಸಾರ’ದ ‘ಸ’ ಒತ್ತಕ್ಷರ ಕರಗಿ ‘ತಾತಾರ’ವಾಯಿತು. ಮನೆಯಾಕೆ ಬೋಗುಣಿ ತಂದಿಟ್ಟಳು. ಮೂರನೆಯ ಹನಿ ಅದರಲ್ಲಿ ಟಣ್ ಎಂದಿತು.

“ಬರಹ ಗಿರಹ ಆಮ್ಯಾಲ. ಮೊದಲ ಏಣಿ ಹತ್ರಿ.”

ತಲೆಗೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು, ಬುಟ್ಟಿಯಲ್ಲಿ ಮಣ್ಣು ಹೊತ್ತು ಏಣಿ ಹತ್ತಿದೆ. ಮಾಳಗಿಯ ಮೇಲೆ ತೂತು ಹುಡುಕಲು ಅರ್ಧ ತಾಸು ಹಿಡಿಯಿತು. ಒಂದು ಇರುವೆಗೂಡು, ಅಷ್ಟೇ. ನಾಲ್ಕನೆಯ ಮನೆಯ ಬಾಗಿಲಲ್ಲಿ ಕಾಕಾ ಮಳೆ ನೋಡುತ್ತ ನಿಂತಿದ್ದರು. ನನ್ನನ್ನು ಕಂಡು ಕನ್ನಡಕ ಮೇಲೇರಿಸಿದರು.

“ಮಾಸ್ತರ್ರ, ಆ ಬದಿ ಇನ್ನೊಂದ ಐತಿ ನೋಡ್ರಿ.”

ಇತ್ತು.